ರಾಜನಿದ್ದ ಮನೆ

ವಿಯೆನ್ನಾ, ಆಲ್ಸರ್ ಬೀದಿ
೧೭ ಮಾರ್ಚ್ ೧೯೧೨, ಭಾನುವಾರ

ನನ್ನ ಮುದ್ದು ಮಿನ್ನಿಗೆ,

ಅಮ್ಮನ ಆಶೀರ್ವಾದ. ಬ್ರೂನೋಗೂ ನಮ್ಮ ನೆನಪು ತಿಳಿಸು. ನಿನ್ನ ಮೂರು ಕಾಗದಗಳೂ ಬಂದು ತಲುಪಿವೆ. ಮೂರಕ್ಕೂ ಉತ್ತರ ಬರೆಯದೆ ಕೂತಿದ್ದೇನೆ. ಬೈಯಬೇಕೆನಿಸಿದರೆ ಬೈದುಬಿಡು, ಆದರೆ ಇದನ್ನು ಪೂರ್ತಿ ಓದಿದ ಮೇಲೆ ಬೈ. ಬೆರಳುಗಳ ಗಂಟುನೋವು ಜಾಸ್ತಿಯಾಗಿತ್ತು, ಒಲೆಯ ಹೊಗೆ ಕೊಳವೆ ಎರಡು ಸಲ ಕಟ್ಟಿಕೊಂಡಿತು, ಕೆಳಗಿನ ಮನೆಯ ಫ್ರೌ ಪೊಸ್ಪಿಶಿಲ್ ಜಾರಿ ಬಿದ್ದು ಅವಳ ಅಡುಗೆಯೂ ನನ್ನ ತಲೆಗೆ ಬಂತು. ಇವೆಲ್ಲ ನಡೆದದ್ದು ನಿಜ. ಆದರೆ ಬರೆಯದಿದ್ದುದಕ್ಕೆ ಕಾರಣ ಇವು ಯಾವುವೂ ಅಲ್ಲ.

ಒಂದೂವರೆ ವರ್ಷದಿಂದ ಅಪ್ಪನ ಕೈಬರಹದ ಒಂದು ಸಾಲೂ ಬಂದಿಲ್ಲ, ಬ್ರೂನೋನನ್ನು ಮದುವೆಯಾದದ್ದಕ್ಕೆ ಇನ್ನೂ ಕೋಪವೇ ಎಂದು ಕೇಳಿದ್ದೀಯ. ಅಯ್ಯೋ ಹುಚ್ಚಿ! ನಿನ್ನ ಅಪ್ಪನಿಗೆ ಕೋಪ ಮಾಡಿಕೊಳ್ಳಲು ಬರುತ್ತದೆಯೇ? ಮದುವೆಯ ದಿನ ಬ್ರೂನೋನ ಸೋದರಮಾವ ಚದುರಂಗವೆಂದರೆ ಸೋಮಾರಿಗಳ ಕಸುಬು ಎಂದಾಗಲೂ ಇವರು ತಲೆದೂಗಿ, "ಹೌದು ಸ್ವಾಮಿ, ಬಹಳ ಶ್ರಮದ ಸೋಮಾರಿತನ" ಎಂದು ಅವನ ಲೋಟಕ್ಕೆ ವೈನ್ ಬಗ್ಗಿಸಿದರು. ನಿನ್ನ ಮೇಲೆ ಅವರಿಗೆ ಯಾವ ಮುನಿಸೂ ಇಲ್ಲ, ಮಿನ್ನಿ. ಅವರಿಗೆ ಬರೆಯಲು ಆಗುವುದಿಲ್ಲ. ಕಣ್ಣು ಕಾಣುವುದಿಲ್ಲ.

ಬರೆದುಬಿಟ್ಟೆ. ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರು. ಈಗ ಆಣೆಗೆ ಅರ್ಥವಿಲ್ಲ, ಕಾರಣ ಮುಂದೆ ತಿಳಿಯುತ್ತದೆ.

ಶುರುವಾದದ್ದು ಮೂರು ವರ್ಷದ ಹಿಂದೆ. ಪೇಪರಿನ ಅಕ್ಷರಗಳ ನಡುವೆ ತೂತು ಬಿದ್ದಿದೆ ಎಂದರು. ನಾನು ಕನ್ನಡಕ ಒರೆಸಿ ಕೊಟ್ಟೆ. ಆಮೇಲೆ ನನ್ನ ಮುಖದ ನಡುವೆಯೂ ತೂತು ಬಿದ್ದಿತು. "ಟಿಲ್ಲಿ, ನಿನ್ನ ಕಿವಿಗಳು ಚೆನ್ನಾಗಿ ಕಾಣ್ತವೆ, ಮೂಗು ಎಲ್ಲಿಟ್ಟೆ?" ಎಂದು ತಮಾಷೆ ಮಾಡಿದರು. ಮೂವತ್ತು ವರ್ಷದಿಂದ ನನ್ನ ಮೂಗನ್ನು ಆಡಿಕೊಂಡವರಿಗೆ ಅದು ಕಾಣದಿರುವುದೂ ತಮಾಷೆಯೇ! ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಎರಡೂ ಕಣ್ಣಿನ ನಟ್ಟನಡುವೆ ಒಣಗುತ್ತಿದೆ, ಅಂಚು ಮಾತ್ರ ಉಳಿಯುತ್ತದೆ, ಇದಕ್ಕೆ ಮದ್ದಿಲ್ಲ ಎಂದರು. ಮೆಟ್ಟಿಲಿಳಿಯುವಾಗ ನಿನ್ನಪ್ಪ ನನ್ನ ತೋಳು ಹಿಡಿದುಕೊಂಡು, "ಯಾರಿಗೂ ಹೇಳ್ಬೇಡ. ಕುರುಡನ್ನ ಯಾವ ಪಂದ್ಯಕ್ಕೂ ಕರೆಯಲ್ಲ" ಎಂದರು. ನಾನು ಹೂಂ ಎಂದೆ.

ನಿನ್ನಪ್ಪ ಕ್ರೆಮ್ಸ್ ಊರಿನ ಪೀಪಾಯಿ ಮಾಡುವವನ ಮಗ. ಎಂಜಿನಿಯರಾಗಲಿ ಎಂದು ಊರಿನ ಪಾದ್ರಿಗಳು ವಿಯೆನ್ನಾಕ್ಕೆ ಕಳಿಸಿದರೆ, ಇವರು ಕಾಲೇಜಿನ ಬಾಗಿಲು ಕಂಡದ್ದಕ್ಕಿಂತ ಕಾಫಿ ಮನೆಯ ಬಾಗಿಲು ಕಂಡದ್ದೇ ಹೆಚ್ಚು. ನಾನು ಅವರನ್ನು ಮೊದಲು ನೋಡಿದ್ದು ಅಲ್ಲೇ. ಗೋಡೆಯ ಕಡೆ ಮುಖ ಮಾಡಿ ಕೂತು, ಬೆನ್ನ ಹಿಂದಿನ ಹತ್ತು ಮಣೆಗಳಲ್ಲಿ ಹತ್ತು ಜನರೊಡನೆ ಒಟ್ಟಿಗೆ ಆಡುತ್ತಿದ್ದರು. ಒಂದು ಕಾಯಿಯನ್ನೂ ನೋಡದೆ ಬಾಯಲ್ಲೇ ನಡೆ ಹೇಳುತ್ತಿದ್ದರು. ಹೇಗೆ ನೆನಪಿರುತ್ತದೆ ಎಂದು ಕೇಳಿದ್ದಕ್ಕೆ, "ನೆನಪಲ್ಲ ಮಿಸ್, ತಲೇಲಿ ಮಣೆ ಇದೆ, ನೋಡ್ತೀನಿ ಅಷ್ಟೆ" ಎಂದರು. ಆಮೇಲೆ ಹನ್ನೆರಡು ದೊಡ್ಡ ಪಂದ್ಯಾವಳಿಗಳಲ್ಲಿ ಬಹುಮಾನ ಪಡೆದರು. ಎರಡನೆಯ ಸ್ಥಾನ, ಮೂರನೆಯ ಸ್ಥಾನ, ಇಬ್ಬರ ಜೊತೆ ಹಂಚಿಕೊಂಡ ಎರಡನೆಯ ಸ್ಥಾನ. ಮೊದಲನೆಯದು ಮಾತ್ರ ಪ್ರತಿ ಸಲ ಪಕ್ಕದ ಕುರ್ಚಿಯವನಿಗೇ ಹೋಗುತ್ತಿತ್ತು. ಎದುರಾಳಿಗೆ ನೆಗಡಿಯಾಗಿದ್ದರೆ ಇವರೇ ಡ್ರಾ ಮಾಡೋಣವೇ ಎಂದು ಕೇಳುವರು. ಇಂಥವರು ಜಗಜ್ಜೆಟ್ಟಿಯಾಗುವುದು ಹೇಗೆ, ನೀನೇ ಹೇಳು.

ಈ ಫೆಬ್ರವರಿಯ ಪಂದ್ಯಾವಳಿಯ ಸಂಗತಿ ಬೇರೆ. ಮೊದಲು ಬಂದವನು ಜಗಜ್ಜೆಟ್ಟಿಯೊಡನೆ ಪಂದ್ಯ ಆಡಬಹುದು ಎಂದು ಇಲ್ಲಿನ ಒಬ್ಬ ಸಿರಿವಂತರು ಘೋಷಿಸಿದ್ದರು. ನಿನ್ನಪ್ಪನಿಗೆ ಐವತ್ತನಾಲ್ಕು. ಕಣ್ಣಿನ ಅಂಚಿನಲ್ಲಿ ಉಳಿದ ಬೆಳಕು ಇನ್ನೊಂದು ವರ್ಷವೋ ಏನೋ. "ಇದೊಂದು, ಟಿಲ್ಲಿ. ಆಮೇಲೆ ನೀನು ಹೇಳಿದ ಹಾಗೆ ಬಟಾಣಿ ಸುಲೀತಾ ಕೂತಿರ್ತೀನಿ" ಎಂದರು. ಜೀವನದಲ್ಲಿ ಅವರು ಏನನ್ನಾದರೂ ಬಾಯಿಬಿಟ್ಟು ಬಯಸಿದ್ದು ನಾನು ಕೇಳಿದ್ದು ಅದೇ ಮೊದಲು.

ಆಟವೆಲ್ಲ ತಲೆಯಲ್ಲಿತ್ತು. ಎದುರಾಳಿಯ ನಡೆಯನ್ನು ಗುಮಾಸ್ತನೊಬ್ಬ ಗೋಡೆಯ ದೊಡ್ಡ ಮಣೆಯಲ್ಲಿ ಕಾಯಿ ಸರಿಸುವವನಿಗೆ ಓದಿ ಹೇಳುತ್ತಿದ್ದ, ಕಿವಿಗೆ ಅಷ್ಟು ಸಾಕು. ತೊಂದರೆಯಿದ್ದದ್ದು ಕೈಗೆ. ಆಟದ ನಿಯಮ ನಿನಗೆ ಗೊತ್ತಲ್ಲ, ಮುಟ್ಟಿದ ಕಾಯಿಯನ್ನೇ ನಡೆಸಬೇಕು. ಕೈ ಒಂದು ಮನೆ ಆಚೆ ಹೋಗಿ ಪಕ್ಕದ ಕಾಯಿಗೆ ತಗುಲಿದರೆ ಮುಗಿಯಿತು. ಹಾಗೆಂದು ತಡವರಿಸುವಂತೆಯೂ ಇಲ್ಲ. ಎಲ್ಲರಿಗೂ ಗೊತ್ತಾಗುತ್ತದೆ.

ಅದಕ್ಕೆ ಇಬ್ಬರೂ ಸೇರಿ ಒಂದು ಉಪಾಯ ಮಾಡಿದೆವು. ನಾನು ಹೇಗೂ ಮೂವತ್ತು ವರ್ಷದಿಂದ ಹೆಣಿಗೆ ಹಿಡಿದು ಅವರ ಬಲಗಡೆ ಕೂತವಳು. ಕಾಫಿ ಮನೆಯ ಹಿರಿಯ ವೇಟರ್ ನವ್ರಾಟಿಲ್ ನಿನ್ನಪ್ಪನನ್ನು ಪ್ರೊಫೆಸರ್ ಎಂದೂ ನನ್ನನ್ನು ಪ್ರೊಫೆಸರರ ಕೊಡೆ ಎಂದೂ ಕರೆಯುವುದು. ಕೈ ತಪ್ಪು ಕಾಯಿಯ ಮೇಲೆ ಇಳಿಯುವಂತಿದ್ದರೆ ನಾನು ಒಂದೇ ಒಂದು ಸಲ ಕೆಮ್ಮಬೇಕು. ಯಾವ ನಡೆ ಎಂದು ಹೇಳುವಂತಿಲ್ಲ. ನೋಡುವವರಿಗೆ ಬಾಯಿಲ್ಲ ಎಂಬುದು ಅಲ್ಲಿನ ಕಟ್ಟಳೆ, ಬಾಯಿಬಿಟ್ಟವರನ್ನು ನವ್ರಾಟಿಲ್ ಕೋಟಿನ ಸಮೇತ ಬೀದಿಗೆ ಕಳಿಸಿದ್ದಾನೆ. "ಇದು ಮೋಸ ಅಲ್ವಾ ಆಂಬ್ರೋಸ್?" ಎಂದು ಕೇಳಿದೆ. ಅವರು, "ನಡೆ ನಂದು. ನಿಂದು ಕೋಲು ಮಾತ್ರ. ಕುಂಟನಿಗೆ ಕೋಲು ಬೇಡ ಅಂತಾರಾ?" ಎಂದರು. ಆದರೆ ಆ ದಿನ ಊಟ ಸರಿಯಾಗಿ ಮಾಡಲಿಲ್ಲ.

ಹತ್ತು ಸುತ್ತುಗಳಲ್ಲಿ ನಾನು ಕೆಮ್ಮಿದ್ದು ಮೂರೇ ಸಲ. ಮೂರೂ ಸಲ ಕೈ ಹಿಂದೆ ಹೋಗಿ ಗಲ್ಲ ಕೆರೆದುಕೊಂಡು, ಮತ್ತೆ ಬಂದು ಸರಿಯಾದ ಕಾಯಿ ಹಿಡಿಯಿತು. ನವ್ರಾಟಿಲ್ ನನ್ನ ಮುಂದೆ ಲಿಂಡನ್ ಹೂವಿನ ಕಷಾಯ ತಂದಿಟ್ಟು, ತನ್ನ ಎಂದಿನ ವಂದನೆಯೊಡನೆ, "ನಿಮ್ಮ ಕೈಗೆ ಮುತ್ತು ಅಮ್ಮಾವ್ರೆ, ಎದೇಲಿ ಶೀತ ಇಳಿದಿರೋ ಹಾಗಿದೆ. ಜೇನು ಹಾಕ್ಸಿದೀನಿ, ಕುಡೀರಿ" ಎಂದ. ಕುಡಿದೆ. ಇಬ್ಬರೂ ಸುಳ್ಳರಾಗಿಬಿಟ್ಟೆವಲ್ಲ ಎಂದುಕೊಂಡೇ ಲೋಟ ಬರಿದು ಮಾಡಿದೆ.

ಹತ್ತನೆಯ ಸುತ್ತು ಮುಗಿದಾಗ ಪ್ರಾಗಿನ ವೊಂದ್ರಾಚೆಕ್ ಇವರಿಗಿಂತ ಅರ್ಧ ಅಂಕ ಮುಂದಿದ್ದ. ಕೊನೆಯ ಆಟ ಅವನ ಜೊತೆಗೇ. ಗೆದ್ದರೆ ನಿನ್ನಪ್ಪ ಮೊದಲು, ಡ್ರಾ ಆದರೆ ಅವನು. ಲೆಕ್ಕ ಅಷ್ಟು ಸರಳವಾಗಿತ್ತು. ವೊಂದ್ರಾಚೆಕ್ ಒಳ್ಳೆಯ ಮನುಷ್ಯ, ದಪ್ಪಗೆ, ಯಾವಾಗಲೂ ಬೆವರುತ್ತಾನೆ. ಕೂರುವ ಮೊದಲು ನಿನ್ನಪ್ಪನ ಕೈ ಕುಲುಕಿ, "ಮಾಸ್ಟರ್, ಇವತ್ತು ನಂಗೆ ನೆಗಡಿ ಇದೆ ಅಂತ ಹೇಳ್ಲಾ?" ಎಂದು ನಕ್ಕ. ಸುತ್ತ ನಿಂತವರೆಲ್ಲ ನಕ್ಕರು. "ಹೇಳು ಹೇಳು. ಇವತ್ತು ನಂಗೆ ಕಿವೀನೂ ಕೇಳ್ಸಲ್ಲ" ಎಂದರು ನಿನ್ನಪ್ಪ. ಆ 'ಕಿವೀನೂ' ಯಾರಾದರೂ ಗಮನಿಸಿದರೇ ಎಂದು ಸುತ್ತ ನೋಡಿದೆ.

ಮಿನ್ನಿ, ಅವರು ಅಂಥ ಆಟ ಆಡಿದ್ದನ್ನು ನಾನು ನೋಡಿಯೇ ಇಲ್ಲ. ಸೌಮ್ಯ ಮನುಷ್ಯ, ಮಣೆಯ ಮೇಲೆ ಎದುರಾಳಿಯನ್ನು ಉಸಿರಾಡಲು ಬಿಡಲಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ವೊಂದ್ರಾಚೆಕ್ ಕಾಲರ್ ಬಿಚ್ಚಿದ. ಬಿಲಿಯರ್ಡ್ಸ್ ಆಡುತ್ತಿದ್ದವರೂ ಕೋಲು ಕೆಳಗಿಟ್ಟು ಬಂದರು. ಇವರ ಮಂತ್ರಿ ಮಣೆಯ ಅಂಚಿನಲ್ಲಿತ್ತು, ಒಂದೇ ಜಿಗಿತಕ್ಕೆ ಅವನ ರಾಜನಿಗೆ ಚೆಕ್ ಕೊಡಬಹುದಿತ್ತು. ಕೊಡಲಿ ಎಂದು ಎಲ್ಲರ ಮುಖದ ಮೇಲೂ ಬರೆದಿತ್ತು. ಇವರ ರಾಜ ಮೂಲೆಯ ಹತ್ತಿರ, ಅವನ ಪಕ್ಕದಲ್ಲಿ ಆನೆ. ಗಡಿಯಾರದಲ್ಲಿ ನಾಲ್ಕೇ ನಿಮಿಷ ಉಳಿದಿತ್ತು. ಇವರ ಕೈ ಮೇಲೆದ್ದಿತು.

ಅವರು ಮುಟ್ಟಬೇಕೆಂದಿದ್ದದ್ದು ರಾಜನನ್ನು. ಕೈ ಹೋದದ್ದು ಆನೆಯ ಮೇಲಕ್ಕೆ. ನಾನು ಕೆಮ್ಮಿದೆ.

ಕೈ ಹಿಂದೆ ಹೋಯಿತು. ಈ ಸಲ ಗಲ್ಲ ಕೆರೆದುಕೊಳ್ಳಲಿಲ್ಲ, ತೊಡೆಯ ಮೇಲೆ ಬಿದ್ದುಕೊಂಡಿತು. ಮುಖ ಬಿಳಿಚಿಕೊಂಡಿತು. ಒಂದು ನಿಮಿಷ, ಎರಡು ನಿಮಿಷ. ಆಮೇಲೆ ಅಂಚಿನ ಮಂತ್ರಿಯನ್ನು ಹಿಡಿದು ಚೆಕ್ ಕೊಟ್ಟರು. ಜನ ಉಸಿರು ಬಿಟ್ಟರು. ಆದರೆ ಮೂರು ನಡೆಯಲ್ಲಿ ವೊಂದ್ರಾಚೆಕ್ ತಪ್ಪಿಸಿಕೊಂಡು, ತನ್ನ ಮಂತ್ರಿಯಿಂದ ಇವರ ರಾಜನಿಗೆ ಚೆಕ್ ಕೊಡಲು ಶುರು ಮಾಡಿದ. ಈ ಕಡೆಯಿಂದ ಚೆಕ್, ಆ ಕಡೆಯಿಂದ ಚೆಕ್, ಮುಗಿಯುವಂತೆಯೇ ಇರಲಿಲ್ಲ. ಡ್ರಾ. ವೊಂದ್ರಾಚೆಕ್ ಎದ್ದು ನಿಂತು ಅತ್ತುಬಿಟ್ಟ. ನಿನ್ನಪ್ಪ ಅವನ ಬೆನ್ನು ತಟ್ಟಿದರು, ಭುಜವೆಂದುಕೊಂಡು ಕತ್ತಿಗೆ ತಟ್ಟಿದರು.

ಮನೆಗೆ ನಡೆದು ಬರುವಾಗ ಆಸ್ಪತ್ರೆಯ ಗೋಡೆಯ ಹತ್ತಿರ ನಿಂತರು.

"ರಾಜನ್ನ ಒಂದು ಮನೆ ಪಕ್ಕಕ್ಕೆ ಸರಿಸ್ಬೇಕಿತ್ತು ಟಿಲ್ಲಿ. ಅಷ್ಟೇ. ಆಮೇಲೆ ಅವನ ಚೆಕ್‌ಗಳು ಒಂದೂ ನಡೀತಿರ್ಲಿಲ್ಲ."

"ಮತ್ತೆ ಯಾಕೆ ಸರಿಸ್ಲಿಲ್ಲ?"

"ನೀನು ಕೆಮ್ಮಿದ್ಯಲ್ಲ. ಅವನು ಎಲ್ಲಿದಾನೆ ಅಂತಲೇ ಗೊತ್ತಾಗ್ಲಿಲ್ಲ. ಆ ಮೂಲೇಲಿ ಇದಾನೆ ಅಂತ ಪ್ರಾಣ ಬೇಕಾದ್ರೂ ಪಣಕ್ಕಿಡ್ತಿದ್ದೆ. ಹುಡುಕೋಣ ಅಂದ್ರೆ ಎಲ್ಲರೂ ನೋಡ್ತಿದ್ರು. ಮಂತ್ರಿ ಒಂದೇ ಅಂಚಲ್ಲಿ ಒಂಟಿಯಾಗಿದ್ದದ್ದು, ಕೈಗೆ ಸಿಕ್ಕಿದ್ದು." ಆಮೇಲೆ ಕೇಳಿದರು, "ನನ್ನ ಕೈ ಎಲ್ಲಿತ್ತು ಟಿಲ್ಲಿ?"

"ಆನೆ ಮೇಲೆ," ಎಂದೆ. "ರಾಜ ಒಂದು ಮನೆ ಆಚೆ ಇದ್ದ."

"ಹಾಗಾದ್ರೆ ಮಣೆ ಸರಿದುಬಿಟ್ಟಿದೆ," ಎಂದರು. "ಕಣ್ಣು ಹೋಗ್ಲಿ. ತಲೆಯೊಳಗಿನ ಮಣೇನೇ ಸರಿದಿದೆ."

ಅದೇ ಕೊನೆ. ಮಾರನೆಯ ದಿನ ತಾವೇ ಕಾಫಿ ಮನೆಗೆ ಹೋಗಿ ಕಣ್ಣಿನ ಸಂಗತಿ ಎಲ್ಲರಿಗೂ ಹೇಳಿದರು. ಕೆಮ್ಮಿನದು ಹೇಳಲಿಲ್ಲ, ಅದರಲ್ಲಿ ಟಿಲ್ಲಿಯ ಮಾನ ಇದೆ ಎಂದು ಬಿಟ್ಟರಂತೆ. ನವ್ರಾಟಿಲ್ ಅವರನ್ನು ಬಾಗಿಲವರೆಗೆ ಕೈಹಿಡಿದು ಕರೆತಂದು, "ಪ್ರೊಫೆಸರ್ರೇ, ನಿಮ್ಮ ಮೇಜು ನಿಮ್ಮದೇ. ಬಂದು ಸುಮ್ನೆ ಕೂತ್ಕೊಳಿ, ಯಾರು ಕೇಳ್ತಾರೋ ನೋಡ್ತೀನಿ" ಎಂದನಂತೆ. ಇವರು ಮತ್ತೆ ಹೋಗಿಲ್ಲ.

ಇಲ್ಲಿಗೆ ನಿಲ್ಲಿಸಿದ್ದೆ. ಈಗ ಸೋಮವಾರ ಬೆಳಗ್ಗೆ.

ನಿಮ್ಮ ಟ್ರಿಯೆಸ್ಟಿನ ಚದುರಂಗ ಕ್ಲಬ್ಬಿನವರು ಅಪ್ಪನನ್ನು ಕರೆಸಬೇಕೆಂದಿದ್ದಾರೆ, ಮಣೆ ನೋಡದೆ ಹತ್ತು ಆಟ ಒಟ್ಟಿಗೆ ಆಡಿ ತೋರಿಸಬೇಕಂತೆ, ಏನು ಹೇಳಲಿ ಎಂದು ಕೇಳಿದ್ದೀಯ. ನಿನ್ನ ಕಾಗದ ಓದಿದಾಗ ನನಗೆ ಎಷ್ಟು ಆಸೆಯಾಯಿತು ಗೊತ್ತೇ? ಅದಕ್ಕೆ ಕಣ್ಣೇ ಬೇಕಿಲ್ಲವಲ್ಲ! ಗೋಡೆಯ ಕಡೆ ತಿರುಗಿ ಕೂತು ಬಾಯಲ್ಲಿ ಹೇಳಿದರೆ ಸಾಕು, ಕೈಯನ್ನು ಜೇಬಿನಲ್ಲೇ ಇಟ್ಟುಕೊಳ್ಳಬಹುದು. ಕುರುಡನಿಗೂ ಒಲ್ಲೆನೆನ್ನದ ಆಟ ಅದೊಂದೇ. ಸಮುದ್ರ ನೋಡಬಹುದು, ನಿನ್ನ ಮನೆಯಲ್ಲಿ ಹತ್ತು ದಿನ ಇರಬಹುದು, ನೀನು ಹೆರುವ ಹೊತ್ತಿಗೆ ನಾನು ಹತ್ತಿರವಿರಬಹುದು. ಓಡಿಹೋಗಿ ಅವರಿಗೆ ಓದಿ ಹೇಳಿದೆ.

ಅವರು ಬಟಾಣಿ ಸುಲಿಯುತ್ತಿದ್ದರು. ನಿಜವಾಗಿಯೂ ಸುಲಿಯುತ್ತಿದ್ದರು, ಮಿನ್ನಿ. ಮಾರ್ಚಿನಲ್ಲಿ ಹಸಿ ಬಟಾಣಿ ಎಲ್ಲಿ ಬರಬೇಕು, ಒಣಗಿದ ಕಾಯಿಗಳು. ಕೈ ನಿಲ್ಲಿಸದೆ ಹೇಳಿದರು, "ಆಗಲ್ಲ. ಒಂದು ಮಣೇನೇ ಸರಿಯಾಗಿ ನಿಲ್ತಿಲ್ಲ, ಹತ್ತು ಎಲ್ಲಿಂದ ತರ್ಲಿ? ನಿನ್ನೆ ಮಲಗಿದ್ದಾಗ ಹಳೇ ಆಟ ಒಂದನ್ನ ನೆನೆಸ್ಕೊಂಡೆ. ಹನ್ನೆರಡನೇ ನಡೆಗೆ ಬಂದಾಗ ಆ ರಾಜ ನಿಜವಾಗ್ಲೂ ಅಲ್ಲಿದಾನಾ ಅನ್ನಿಸ್ತು. ಅಲ್ಲಿಗೆ ಎಲ್ಲ ಅಳಿಸಿಹೋಯ್ತು."

"ಅಭ್ಯಾಸ ಮಾಡಿದ್ರೆ ಸರಿಹೋಗತ್ತೆ. ನಾನು ಎದುರು ಕೂತು ಕಾಯಿ ಇಡ್ತೀನಿ," ಎಂದೆ.

"ನೀನು ಕಣ್ಣಿಂದ ನೋಡಿದೀಯ, ಟಿಲ್ಲಿ. ನನ್ನ ಕೈ ಎಲ್ಲಿತ್ತು ಅಂತ ನೀನೇ ನೋಡಿದೀಯ. ಸುಮ್ನೆ ಸಮಾಧಾನ ಹೇಳ್ಬೇಡ."

ಆದ್ದರಿಂದ ಕ್ಲಬ್ಬಿನವರಿಗೆ ಬರುವುದಿಲ್ಲ ಎಂದು ಹೇಳು. ಮೈ ಸರಿಯಿಲ್ಲ ಎಂದು ಹೇಳಿದರೆ ಸಾಕು. ಬ್ರೂನೋಗೆ ಪೂರ್ತಿ ಹೇಳಬಹುದು, ಅವನು ಒಳ್ಳೆಯವನು.

ಹಗಲಿಡೀ ಅಡುಗೆಮನೆಯಲ್ಲಿ ನನ್ನ ಜೊತೆ ಕೂತಿರುತ್ತಾರೆ. ಮೊದಲೆಲ್ಲ ಇವರು ಒಂದು ಗಳಿಗೆ ಮನೆಯಲ್ಲಿ ಕೂತರೆ ಸಾಕು ದೇವರೇ ಎನ್ನುತ್ತಿದ್ದೆ. ಈಗ ಅವರು ಕೂತಿರುವುದನ್ನು ನೋಡಲಾಗುವುದಿಲ್ಲ. ಪೇಪರು ಓದಿ ಹೇಳುತ್ತೇನೆ, ಚದುರಂಗದ ಅಂಕಣ ಬಂದ ದಿನ ಆ ಪುಟ ಮಗುಚುತ್ತೇನೆ. ಅವರೂ ಕೇಳುವುದಿಲ್ಲ. ಒಮ್ಮೊಮ್ಮೆ ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ ಹುಡುಕುವಾಗ ಕೈ ಅದರ ಮೇಲೇ ಇದ್ದರೂ ನಿಲ್ಲಿಸಿ, "ಇದೇನಾ?" ಎಂದು ನನ್ನನ್ನು ಕೇಳುತ್ತಾರೆ.

ನೀನು ಗಟ್ಟಿಯಾಗಿರಬೇಕು. ಆ ಬೋರಾ ಗಾಳಿಯಲ್ಲಿ ಹೊರಗೆ ಹೋಗಬೇಡ, ಹೊಟ್ಟೆಗೆ ಉಣ್ಣೆಯ ಪಟ್ಟಿ ಸುತ್ತಿಕೋ. ಮಗುವಿಗೆ ಎರಡು ಟೋಪಿ, ಒಂದು ಜೊತೆ ಕಾಲುಚೀಲ ಹೆಣೆದಿದ್ದೇನೆ, ಬೇರೆ ಪಾರ್ಸೆಲಿನಲ್ಲಿ ಬರುತ್ತವೆ. ಅಪ್ಪ ನಿನಗೆ ಮುತ್ತು ಕಳಿಸಿದ್ದಾರೆ, ಗಂಡಾದರೆ ಚದುರಂಗ ಕಲಿಸಬೇಡ ಎಂದಿದ್ದಾರೆ, ಹೆಣ್ಣಾದರೆ ಖಂಡಿತ ಕಲಿಸಬೇಡ ಎಂದಿದ್ದಾರೆ. ಮರಿಯ ಮಾತೆ ನಿಮ್ಮ ಮೂವರನ್ನೂ ತನ್ನ ಸೆರಗಿನೊಳಗೆ ಇಟ್ಟುಕೊಳ್ಳಲಿ. ನೀನು ಸುಖವಾಗಿ ಹೆತ್ತು, ನಗುನಗುತ್ತಾ ಏಳು ಎಂದು ಹರಸುವ,

ನಿನ್ನ ಅಮ್ಮ
ಓಟಿಲಿಯೆ ಕ್ರೈಂಡ್ಲ್

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಲಕೋಟೆಗೆ ಹಾಕಿ ಮತ್ತೆ ತೆಗೆದಿದ್ದೇನೆ.

ಅವರ ಕೈ ಆನೆಯ ಮೇಲಿರಲಿಲ್ಲ, ಮಿನ್ನಿ. ರಾಜನ ಮೇಲೇ ಇತ್ತು. ಐದೂ ಬೆರಳು ಅವನ ಕಿರೀಟದ ಸುತ್ತ ಒಂದು ಕೂದಲೆಳೆಯಷ್ಟು ಮೇಲೆ ನಿಂತಿದ್ದವು. ಮಣೆ ಸರಿದಿರಲಿಲ್ಲ. ಎಲ್ಲ ಅವರು ಕಂಡಂತೆಯೇ ಇತ್ತು. ಎಲ್ಲರ ಮುಖವೂ ಮಂತ್ರಿಯ ಚೆಕ್ ಎನ್ನುತ್ತಿತ್ತು, ಮೂವತ್ತು ವರ್ಷ ಪಕ್ಕದಲ್ಲಿ ಕೂತ ಜಂಬಕ್ಕೆ ನಾನೂ ಹಾಗೇ ಅಂದುಕೊಂಡೆ. ಇಂಥ ಹೊತ್ತಿನಲ್ಲಿ ಯಾರಾದರೂ ರಾಜನನ್ನು ಮುಟ್ಟುತ್ತಾರೆಯೇ, ಕೈ ತಪ್ಪಿದೆ ಎಂದುಕೊಂಡು ಕೆಮ್ಮಿಬಿಟ್ಟೆ. ಆಸ್ಪತ್ರೆಯ ಗೋಡೆಯ ಹತ್ತಿರ ಅವರು ಕೇಳಿದಾಗ ಹೆದರಿ ಆನೆ ಎಂದೆ. ಯೋಚಿಸಿ ಹೇಳಿದ ಸುಳ್ಳಲ್ಲ. ಬಾಯಿಂದ ಬಿದ್ದುಹೋಯಿತು.

ಆಮೇಲೆ ಪೇಪರಿನ ಚದುರಂಗದ ಅಂಕಣದಲ್ಲಿ ಬರೆದಿದ್ದರು: ರಾಜನನ್ನು ಒಂದು ಮನೆ ಸರಿಸಿದ್ದರೆ ಗೆಲುವು ಖಚಿತವಾಗಿತ್ತು, ಆದರೆ ಗಡಿಯಾರ ಓಡುತ್ತಿರುವಾಗ ಅಂಥ ನಡೆಯನ್ನು ಕಾಣಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲ. ಆ ಪುಟದಿಂದ ಒಲೆ ಹೊತ್ತಿಸಿದೆ.

ನಿಜ ಹೇಳಿದರೆ ಅವರ ಮಣೆ ಅವರಿಗೆ ವಾಪಸು ಸಿಗುತ್ತದೆ. ಅದು ನನಗೆ ಗೊತ್ತು. ದಿನಾ ಬೆಳಗ್ಗೆ ಇವತ್ತು ಹೇಳಿಬಿಡಬೇಕು ಎಂದುಕೊಂಡೇ ಕಾಫಿ ಕೊಡುತ್ತೇನೆ. ಅವರು ಕಪ್ಪಿನ ಜೊತೆ ನನ್ನ ಕೈಯನ್ನೂ ಹಿಡಿದುಕೊಂಡು, "ಆವತ್ತು ನೀನು ಕೆಮ್ಮದೇ ಇದ್ದಿದ್ರೆ, ಟಿಲ್ಲಿ, ಎಲ್ಲರ ಎದುರು ನನ್ನ ಮಾನ ಹೋಗ್ತಿತ್ತು" ಎನ್ನುತ್ತಾರೆ.